ಅಕ್ಕ ನಿಂತ ಜಾಗಕ್ಕೆ ಸುಣ್ಣ

ನಾನು ಓದು ಬಿಟ್ಟಿದ್ದು 1993ರಲ್ಲಿ, ಎಂಟನೇ ಕ್ಲಾಸಿಗೆ. ಅಪ್ಪ ತೀರಿಕೊಂಡ ವರ್ಷ ಅದು. ಆಮೇಲೆ ಕಲಿತದ್ದೆಲ್ಲ ಸುಗಟೂರಿನ ರೇಷ್ಮೆ ಹುಳುಗಳಿಂದ. ಅವು ಕಲಿಸಿದ್ದು ಕಟ್ಟುನಿಟ್ಟು.

ನಮ್ಮ ಹುಳುಮನೆಗೆ ಕಾಲು ತೊಳೆಯದೆ ಯಾರೂ ಹೋಗುವಂತಿಲ್ಲ. ಊದುಬತ್ತಿ ಇಲ್ಲ, ಪೌಡರ್ ಇಲ್ಲ. ಹೊಗೆಸೊಪ್ಪು ಹಾಕುವವರಿಗೆ ಗೇಟಿನೊಳಗೇ ಪ್ರವೇಶವಿಲ್ಲ. (ಅದರ ಗಾಳಿ ಸೋಕಿದರೂ ಹುಳು ಸಾಯುತ್ತದೆ.) ಡಿಸಿ ಆಫೀಸಿನಲ್ಲೂ ಇಷ್ಟು ರೂಲ್ಸ್ ಇಲ್ಲ ಕಣೋ ಎಂದು ಊರವರು ನಗುತ್ತಾರೆ. ನಗಲಿ. ಅವರ ಬೆಳೆ ಹೋದಾಗಲೂ ನನ್ನದು ಹೋಗಿಲ್ಲ.

ಹೋದ ತಿಂಗಳು ಹುಳು ನಾಲ್ಕನೇ ಜ್ವರ ಎದ್ದಿತ್ತು. (ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ.) ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕು. ಆಗ ಆವನಿಯಿಂದ ಅಕ್ಕ ಬಂದಳು, ಫೋನೂ ಮಾಡದೆ. ಕೈಯಲ್ಲಿ ಬಟ್ಟೆಯ ಬ್ಯಾಗು, ಬಾಯಲ್ಲಿ ಎಲೆ ಅಡಿಕೆ ಹೊಗೆಸೊಪ್ಪು. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವಳು.

ಗೇಟಿನಲ್ಲೇ ತಡೆದೆ.

ಸೊಸೆಗೂ ತನಗೂ ಆಗುತ್ತಿಲ್ಲ, ಸ್ವಲ್ಪ ದಿನ ಇದ್ದು ಹೋಗುತ್ತೇನೆ ಎಂದಳು. ಬಾಯಿ ತೊಳೆದುಕೊಳ್ಳುತ್ತೇನೆ ಎಂದೂ ಹೇಳಿದಳು. ಆದರೆ ಸೀರೆಗೆ, ಕೈಗೆ ಹತ್ತಿರುವುದಿಲ್ಲವೇ? ನಮ್ಮ ಮನೆಗೂ ಹುಳುಮನೆಗೂ ನಡುವೆ ಒಂದೇ ಗೋಡೆ. ಗೂಡು ಬಿಡಿಸಿದ ಮೇಲೆ ನಾನೇ ಬಂದು ಕರೆದುಕೊಂಡು ಬರುತ್ತೇನೆ ಎಂದೆ.

"ಸರಿ ಬಿಡು," ಅಂದಳು. "ನಿನ್ನ ಹುಳ ಚೆನ್ನಾಗಿರ್ಲಿ ಕಣೋ."

ಹೆಂಡತಿ ತಂದ ಕಾಫಿಯನ್ನು ಗೇಟಿನಾಚೆ ನಿಂತೇ ಕುಡಿದು, ಎದುರಿನ ಬಸ್ ಸ್ಟಾಪಿಗೆ ಹೋದಳು. ನಾನೇನು ಮಾಡಿದೆ ಗೊತ್ತೇ? ಹೊರಗಿನವರು ಯಾರು ಬಂದು ಹೋದರೂ ಮಾಡುವುದನ್ನೇ. ಸುಣ್ಣಕ್ಕೆ ಬ್ಲೀಚಿಂಗ್ ಪೌಡರ್ ಬೆರೆಸಿ ಅವಳು ನಿಂತಿದ್ದ ಜಾಗಕ್ಕೆ ಎರಚಿದೆ. ತಲೆ ಎತ್ತಿದರೆ, ಬಸ್ಸು ಇನ್ನೂ ಬಂದಿರಲಿಲ್ಲ. ಅಕ್ಕ ನೋಡುತ್ತಿದ್ದಳು.

ಬೆಳೆ ಬಂಗಾರದಂತೆ ಬಂತು. ಮೊನ್ನೆ ಭಾನುವಾರ ಒಂದು ಸೀರೆ ತೆಗೆದುಕೊಂಡು ಆವನಿಗೆ ಹೋದೆ. ಅಕ್ಕ ಮುದ್ದೆ ಬಡಿಸಿದಳು, ಗೂಡು ಹೇಗಾಯಿತು ಎಂದು ವಿಚಾರಿಸಿದಳು. ಒಳಗೆ ಸೊಸೆ ಪಾತ್ರೆ ಕುಕ್ಕುತ್ತಿದ್ದಳು. ನಡಿಯಕ್ಕ, ಈಗ ಹುಳುಮನೆ ಖಾಲಿ, ಎಷ್ಟು ದಿನ ಬೇಕಾದರೂ ಇರು ಎಂದೆ.

"ಬೇಡ ಕಣೋ. ನಿಮ್ಮನೇಲಿ ನಾನು ಎಲ್ಲಿ ನಿಂತ್ರೆ ಸರಿ ಅಂತ ನಂಗೆ ಗೊತ್ತಾಗಲ್ಲ."

ಆ ಮಾತಿನಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಜಗಳವಾಡಿಯಾದರೂ ಕರೆತರುತ್ತಿದ್ದೆ.

ಮುಂದಿನ ಬೆಳೆಗೂ ಇದೇ ರೂಲ್ಸ್. ಸಡಿಲ ಬಿಡಲಾರೆ, ಹುಳುವಿಗೆ ಅಕ್ಕ ಯಾರು, ಅನ್ಯರು ಯಾರು? ಆದರೆ ಅವಳ ಬಸ್ಸು ಹೋಗುವ ತನಕ ಕಾಯಬೇಡ ಎಂದು ಯಾವ ಹುಳು ಹೇಳಿತ್ತು?

ಈಗ ನನಗಿರುವುದು ಎರಡು ಎಕರೆ ಹಿಪ್ಪುನೇರಳೆ, ಒಂದು ಹುಳುಮನೆ, ಒಂದು ಟಿಲ್ಲರ್, ಕರೆದರೂ ಬಾರದ ಒಬ್ಬಳು ಅಕ್ಕ.