ಮುಯ್ಯಿಗೆ ಕೊಟ್ಟ ರಫೀಕ

ಬಾಸ್ಕೆಟ್‌ಬಾಲಿನ ಹೊಟ್ಟೆಯೊಳಗಿನ ಗಾಳಿಗೆ ಒಂದು ವಾಸನೆಯಿದೆ, ನೀವು ಮೂಸಿದ್ದೀರೋ ಇಲ್ಲವೋ. ಈ ಭಾನುವಾರ ಬೆಳಿಗ್ಗೆ ಮಗಳು ನಡುಮನೆಯಲ್ಲಿ ಕೂತು ಚೆಂಡಿಗೆ ಪಂಪು ಹೊಡೆದು ಸೂಜಿ ಎಳೆದಾಗ ಪುಸ್ಸೆಂದು ಒಂದಿಷ್ಟು ಗಾಳಿ ಹೊರಬಂತು. ಹಳೆಯ ರಬ್ಬರು, ಬಿಸಿಲು, ಸ್ವಲ್ಪ ಬೆವರು. ಪೇಪರು ಓದುತ್ತಿದ್ದ ನಾನು ಹಾಗೇ ಕೂತುಬಿಟ್ಟೆ.

ಆಗಲೇ ಅವಳು ಕೇಳಿದ್ದು. ಅವಳ ತಂಡಕ್ಕೆ ಮಳವಳ್ಳಿಯ ತಂಡದಿಂದ ಒಬ್ಬ ಎತ್ತರದ ಹುಡುಗಿ ಬರುತ್ತಾಳಂತೆ, ರಿಂಗಿನ ಕೆಳಗೆ ಚೆಂಡು ಸಿಕ್ಕರೆ ತಪ್ಪಿಸುವುದೇ ಇಲ್ಲವಂತೆ. ಬದಲಿಗೆ ಇವಳ ಗೆಳತಿ ಅನಿತಾಳನ್ನು ಅವರಿಗೆ ಬಿಟ್ಟುಕೊಡಬೇಕು. "ಕೊಡ್ಬೋದಾ ಅಪ್ಪ? ಟೀಮು ಚೆನ್ನಾಗಾಗುತ್ತಾ?"

ನೋಡೋಣ ಎಂದು ತಪ್ಪಿಸಿಕೊಂಡೆ. ಇದೇ ಪ್ರಶ್ನೆಗೆ ಇಪ್ಪತ್ತೈದು ವರ್ಷದ ಹಿಂದೆ ಒಂದೇ ನಿಮಿಷದಲ್ಲಿ ಉತ್ತರ ಕೊಟ್ಟವನು ನಾನು.

ಮಂಡ್ಯದಲ್ಲಿ ಆಗ ನಮ್ಮದೊಂದು ಕ್ಲಬ್ಬಿತ್ತು. ಕ್ಲಬ್ಬೆಂದರೆ ಬಿರುಕುಬಿಟ್ಟ ಸಿಮೆಂಟಿನ ಅಂಕಣ, ಎರಡು ರಿಂಗು, ಪಕ್ಕದಲ್ಲೊಂದು ಬೇವಿನ ಮರ. ನಾನು ಕ್ಯಾಪ್ಟನ್. ಆಟ ಬರುತ್ತಿತ್ತೆಂದಲ್ಲ, ಚೆಂಡು ನನ್ನದಾಗಿತ್ತು. ಆಟ ಬರುತ್ತಿದ್ದದ್ದು ರಫೀಕನಿಗೆ. ಅಪ್ಪನ ಪಂಕ್ಚರ್ ಅಂಗಡಿಯಲ್ಲಿ ಹಗಲೆಲ್ಲ ಟ್ಯೂಬು ತಿದ್ದಿ ಸಂಜೆಗೆ ಬರುತ್ತಿದ್ದ. ಎತ್ತ ನೋಡುತ್ತಿದ್ದನೋ ಅತ್ತ ಚೆಂಡು ಹೋಗುತ್ತಿರಲಿಲ್ಲ. ಯಾರು ಖಾಲಿ ನಿಂತಿದ್ದಾರೋ ಅವರ ಕೈಗೆ ಹೋಗಿ ಕೂರುತ್ತಿತ್ತು. ಒಂದು ದಿನವೂ ಅವನು ನನ್ನನ್ನು ಕ್ಯಾಪ್ಟನ್ ಎಂದು ಕರೆದವನಲ್ಲ, ಆದರೆ ನನ್ನ ಹೆಸರಿನ ಮುಂದಿದ್ದ ಅಂಕಗಳೆಲ್ಲ ಅವನು ಉಣಿಸಿದವೇ.

ಆದರೂ ಸೋಲುತ್ತಿದ್ದೆವು. ಐದೂ ಜನ ಕುಳ್ಳರು. ಮದ್ದೂರಿನ ತಂಡದಲ್ಲಿ ಕೆಂಪರಾಜು ಎಂಬ ಹತ್ತೊಂಬತ್ತರ ಹುಡುಗನಿದ್ದ, ಬಾಗಿಲಿಗೆ ತಲೆ ತಗ್ಗಿಸಿ ಬರುವಂಥವನು. ರಿಂಗಿಗೆ ಬೆನ್ನು ಕೊಟ್ಟು ನಿಂತು, ಚೆಂಡು ಬಂದರೆ ಹೆಗಲಿನಿಂದ ಒಮ್ಮೆ ಒತ್ತಿ, ತಿರುಗಿ, ಮೆತ್ತಗೆ ಒಳಗಿಡುತ್ತಿದ್ದ. ಅವನೊಬ್ಬನಿದ್ದರೆ ಸಾಕು ಎಂದು ನನಗೆ ಜ್ವರ ಹಿಡಿಯಿತು. ಮದ್ದೂರಿನವರು ರಫೀಕನನ್ನು ಕೇಳಿದರು, ಮುಯ್ಯಿಯ ಲೆಕ್ಕದಲ್ಲಿ.

ನಮ್ಮ ಕಡೆಯ ಮುಯ್ಯಿ ನಿಮಗೆ ಗೊತ್ತಿರಬಹುದು. ಇವತ್ತು ನಮ್ಮ ಗದ್ದೆಯ ನಾಟಿಗೆ ನಿಮ್ಮ ಮನೆಯವರು ಬರುತ್ತಾರೆ, ನಾಳೆ ನಿಮ್ಮದಕ್ಕೆ ನಾವು. ಕೆಲಸ ಮುಗಿದ ಮೇಲೆ ಅವರವರ ಆಳು ಅವರವರ ಮನೆಗೆ. ಹೊಲ ಗದ್ದೆಯ ಮಕ್ಕಳೇ ಆಡುತ್ತಿದ್ದ ಕ್ಲಬ್ಬುಗಳಲ್ಲಿ ಆಟಗಾರರನ್ನೂ ಹೀಗೆಯೇ ಒಂದು ಸೀಸನ್ನಿಗೆಂದು ಬದಲಿಸಿಕೊಳ್ಳುತ್ತಿದ್ದೆವು.

ಒಪ್ಪಿ ಬಂದ ಮೇಲೆ ರಫೀಕನಿಗೆ ಹೇಳಿದೆ. ಮೊದಲು ಕೇಳಬೇಕೆಂದು ಹೊಳೆಯಲೇ ಇಲ್ಲ. ನೀರಿನ ಬಾಣಲೆಯಲ್ಲಿ ಟ್ಯೂಬು ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದವನು ತಲೆ ಎತ್ತಲಿಲ್ಲ.

"ನೀನು ಯೋಳುದ್ ಮ್ಯಾಕೆ ಓಯ್ತೀನಿ ಬುಡು. ಆದ್ರೆ ಆ ಕೆಂಪ್ರಾಜುಂಗೆ ಚೆಂಡು ಕೊಡೋರ್ ಯಾರ್ಲಾ?"

ನಮಗೂ ಕೈಯಿವೆ ಎಂದು ನಕ್ಕುಬಿಟ್ಟೆ.

ತಂಡ ಚೆನ್ನಾಯಿತೇ? ಮೊದಲ ಮೂರು ಪಂದ್ಯ ಗೆದ್ದೆವು, ನಾನು ಮೀಸೆ ತಿರುವಿಕೊಂಡು ಓಡಾಡಿದೆ. ಆಮೇಲೆ ಎದುರಾಳಿಗಳು ಕೆಂಪರಾಜುವಿಗೆ ಇಬ್ಬಿಬ್ಬರನ್ನು ಕಾವಲಿಟ್ಟರು. ನಾವು ಎಸೆದ ಚೆಂಡು ಅವನ ಬೆನ್ನಿಗೆ ಬೀಳುತ್ತಿತ್ತು, ಇಲ್ಲವೇ ಅವರ ಕೈಗೆ. ಅಪ್ಪಿತಪ್ಪಿ ಅವನಿಗೆ ಸಿಕ್ಕರೆ, ನಾವು ನಾಲ್ವರೂ ಓಡುವುದು ಬಿಟ್ಟು ನೋಡುತ್ತಾ ನಿಲ್ಲುತ್ತಿದ್ದೆವು. ಪಾಪದ ಹುಡುಗ. ಎತ್ತಿದ ಕೈ ಎತ್ತಿದಂತೆಯೇ ಇರುತ್ತಿತ್ತು.

ಮಳವಳ್ಳಿಯ ಟೂರ್ನಮೆಂಟಿನಲ್ಲಿ ಹೇಗೋ ಫೈನಲ್ ಮುಟ್ಟಿದೆವು, ಅಲ್ಲಿ ಎದುರಾದದ್ದು ಮದ್ದೂರು. ಎತ್ತರದವರೊಬ್ಬರೂ ಇಲ್ಲದ ಆ ತಂಡವನ್ನು ರಫೀಕ ಹೂ ಕಟ್ಟಿದ ಹಾಗೆ ಆಡಿಸಿದ. ಸೋತೆವು. ಮುಗಿದ ಮೇಲೆ ನೋಡಿದರೆ ಅವನು ಕೆಂಪರಾಜುವನ್ನು ರಿಂಗಿನ ಕೆಳಗೆ ನಿಲ್ಲಿಸಿಕೊಂಡು, ಕಾವಲಿನವನಿಂದ ದೂರದ ಕೈಯನ್ನು ಚಾಚುವುದು ಹೇಗೆಂದು ತೋರಿಸುತ್ತಿದ್ದ. ಒಂದೊಂದೇ ಚೆಂಡು ಆ ಕೈಗೇ ಹೋಗುತ್ತಿತ್ತು. ಹುಡುಗ ತಿರುಗಿ ಒಳಗಿಡುತ್ತಿದ್ದ. ಹತ್ತು ನಿಮಿಷ ಹಾಗೆ ನಡೆಯಿತು. ಒಂದೇ ಕಡೆ ಇರಬೇಕಾದ ಇಬ್ಬರನ್ನು ನಾನು ಎದುರುಬದುರು ನಿಲ್ಲಿಸಿದ್ದೆ. ಅಂಥ ಆಟವನ್ನು ನಾನು ಮತ್ತೆ ನೋಡಿಲ್ಲ.

ಅಲ್ಲಿಗೇ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಮುಂದಿನ ವರ್ಷ ಗೆದ್ದೇ ತೀರುತ್ತೇನೆಂಬ ಹಟಕ್ಕೆ ಬಿದ್ದು, ಮುಯ್ಯಿ ಇನ್ನೊಂದು ವರ್ಷ ನಡೆಯಲಿ ಎಂದು ಮದ್ದೂರಿನ ಕ್ಯಾಪ್ಟನ್ನಿಗೆ ಹೇಳಿಕಳಿಸಿದೆ. ರಫೀಕನಿಗೆ ಹೇಳಲಿಲ್ಲ. ಮುಖ ಕೊಟ್ಟು ಹೇಳಲು ಹೆದರಿದೆ ಎನ್ನುವುದೇ ನಿಜ.

ಸೀಸನ್ ಮುಗಿದ ವಾರವೇ ಅವನು ಬಂದ, ಕ್ಯಾನ್ವಾಸ್ ಶೂಗಳನ್ನು ಲೇಸಿನಿಂದ ಕಟ್ಟಿ ಕೊರಳಿಗೆ ನೇತುಹಾಕಿಕೊಂಡು. ಕೆಂಪರಾಜು ಇನ್ನೂ ನಮ್ಮ ಬನಿಯನ್ನಿನಲ್ಲೇ ಆಡುತ್ತಿದ್ದ. ರಫೀಕ ಬೇವಿನ ಮರದ ಕೆಳಗೆ ಕೂತು ಆಟ ಮುಗಿಯುವವರೆಗೂ ನೋಡಿದ. ನಾನು ಹತ್ತಿರ ಹೋದಾಗ ಎದ್ದ.

"ಮುಯ್ಯಿಗೋದೋನು ಸಂಜೆಗೆ ಮನೆಗೆ ಬತ್ತಾನೆ ಕಣ್ಲಾ. ನೀನು ಬಾಗ್ಲು ಆಕ್ಬುಟ್ಟೆ."

ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಅವನು ಆಮೇಲೆ ಎಲ್ಲಿಯೂ ಆಡಲಿಲ್ಲ, ಮದ್ದೂರಿನಲ್ಲೇ ಅಂಗಡಿ ಹಾಕಿದ ಎಂದು ಕೇಳಿದೆ. ಕೆಂಪರಾಜುವೂ ಬೇಸತ್ತು ಕಬ್ಬಿನ ಗದ್ದೆಗೆ ಮರಳಿದ. ನಾನು ಬಸ್ಸಿನಲ್ಲಿ ಎಷ್ಟು ಸಲ ಮದ್ದೂರು ದಾಟಿದ್ದೇನೋ! ಪ್ರತಿ ಸಲವೂ ಅವನ ಅಂಗಡಿ ಕಾಣುವ ಕಡೆಯ ಕಿಟಕಿಯಲ್ಲೇ ಕೂರುತ್ತೇನೆ. ಬಗ್ಗಿದ ಅವನ ಬೆನ್ನು ಕಾಣುತ್ತದೆ. ಇಳಿಯುವ ಧೈರ್ಯ ಮಾತ್ರ ಬಂದಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳಿಗೆ ಇದನ್ನೆಲ್ಲ ಹೇಳಿದೆ. ಎತ್ತರದವಳು ಬರುವುದಾದರೆ ಬರಲಿ, ಅನಿತಾಳನ್ನು ಮಾತ್ರ ಕೊಡಬೇಡ ಎಂದೆ. ಸುಮ್ಮನೆ ಅವರು ಕಳಿಸುವುದಿಲ್ಲ, ಈ ವರ್ಷವೂ ಸೋಲುತ್ತೇವೆ ಎಂದಳು. ಸೋಲಿ ಎಂದೆ. ಅವಳು ಅನ್ನ ಕಲಸುತ್ತಾ, "ಆಮೇಲೆ ನೀನು ಹೋಗಿ ಆ ರಫೀಕ್ ಅವರನ್ನ ಕರೀಲೇ ಇಲ್ವಾ?" ಎಂದು ಕೇಳಿದಳು.

ಮೂರೂವರೆಯ ಬಸ್ಸು ಹತ್ತಿದೆ. ಮದ್ದೂರಿನಲ್ಲಿ ಇಳಿದೆ. ರಫೀಕನ ಗಡ್ಡ ಪೂರ್ತಿ ಬೆಳ್ಳಗಾಗಿದೆ, ಎದುರಿಗೆ ಅದೇ ಥರದ ಬಾಣಲೆ, ನೀರಿನಲ್ಲಿ ಟ್ಯೂಬು. ಬರುವಾಗ ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡಿದ್ದೆ. ಎಲ್ಲ ಬಿಟ್ಟು ಬಾಣಲೆಯ ಪಕ್ಕ ಕೂತೆ.

"ಕರ್ಕೊಂಡೋಗಾಕೆ ಬಂದೆ ಕಣ್ಲಾ," ಎಂದೆ.

ರಫೀಕ ನನ್ನನ್ನು ನೋಡಿದ. ರಸ್ತೆಯಾಚೆ ಇಳಿಯುತ್ತಿದ್ದ ಬಿಸಿಲನ್ನೂ ಒಮ್ಮೆ ನೋಡಿದ. ಟ್ಯೂಬನ್ನು ನೀರಿನಲ್ಲೇ ಬಿಟ್ಟು ಎದ್ದ.

"ತಡಿ," ಅಂದ. "ಕೈ ತೊಳ್ಕಂಡ್ ಬತ್ತೀನಿ."