ಹಾಡಿನ ನಡುವೆ ಇಂಟರ್ವಲ್

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಗಾಜಿನಷ್ಟು ನುಣುಪು. ಬೀದರಿನ ಟಾಕೀಸಿನಲ್ಲಿ ವರ್ಷಗಟ್ಟಲೆ ಪ್ರೊಜೆಕ್ಟರಿಗೆ ಬೆಳಕು ಕೊಡುವ ಕಾದ ಕಾರ್ಬನ್ ಕಡ್ಡಿ ಹಿಡಿದು ಬೆರಳ ಗೆರೆಗಳೆಲ್ಲ ಸುಟ್ಟುಹೋಗಿದ್ದವು. ರೇಷನ್ ಅಂಗಡಿಯ ಬೆರಳಚ್ಚಿನ ಮಷೀನು ಅವರನ್ನು ಒಪ್ಪುತ್ತಲೇ ಇರಲಿಲ್ಲ. "ನಾ ಜಿಂದಾ ಇದೀನಿ ಅಂತ ಆ ಡಬ್ಬಿಗೆ ಯಾರರೆ ಹೇಳ್ರಿ," ಎಂದು ನಮ್ಮ ಆಪರೇಟರು ನಗುತ್ತಿದ್ದರು.

ಟಾಕೀಸು ಮುಚ್ಚಿದ ಮೇಲೆ ಅವರು ನಮ್ಮ ಫಿಲ್ಮ್ ಸರ್ಕಲ್ಲಿಗೆ ಸೇರಿದರು. ಸರ್ಕಲ್ ಅಂದರೇನು ಮಹಾ, ಕಾನ್ವೆಂಟಿನಲ್ಲಿ ಕಲಿತ ನಾವು ಏಳೆಂಟು ಮುದುಕಿಯರು, ಒಂದು ಪುಟ್ಟ ಪ್ರೊಜೆಕ್ಟರು. ಅದನ್ನು ಆಪರೇಟರು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಭಾಲ್ಕಿ, ಔರಾದಿನ ಕಾಲೇಜುಗಳಿಗೂ ಒಯ್ಯುತ್ತಿದ್ದರು. ಇಂಗ್ಲಿಷ್ ಸಿನಿಮಾಕ್ಕೆ ಇಂಟರ್ವಲ್ ಇರುವುದಿಲ್ಲವೆಂದರೆ ಕೇಳರು. ತಮಗೆ ತೋಚಿದಲ್ಲಿ ನಿಲ್ಲಿಸಿ ಲೈಟು ಹಾಕಿಬಿಡುವರು.

"ಇಂಟರ್ವಲ್ ಇಲ್ದ ಪಿಕ್ಚರ್ ಹ್ಯಾಂಗ್ರಿ ಅಕ್ಕೋರ? ಮಂದಿ ಒಬ್ಬರ ಮಾರಿ ಒಬ್ಬರು ಯಾವಾಗ ನೋಡ್ಬೇಕು?"

ಆಗ ನಮ್ಮ ಮಹಡಿಯ ಕೋಣೆಯಲ್ಲಿ ನನ್ನ ತಮ್ಮ ಬಾಗಿಲು ಹಾಕಿಕೊಂಡು ಎರಡು ವರ್ಷವಾಗಿತ್ತು. ಒಂದು ಕಾಲಕ್ಕೆ ಹೈದರಾಬಾದಿನ ರಾಕ್ ಬ್ಯಾಂಡಿನಲ್ಲಿ ಗಿಟಾರಿಸ್ಟ್. ಹೆಂಡತಿ ತೀರಿಕೊಂಡಳು, ಗಿಟಾರು ಮಂಚದ ಕೆಳಗೆ ಸೇರಿತು, ಮಾತೂ ನಿಂತಿತು. ಡಾಕ್ಟರು ಬಂದು ಹೋಗುತ್ತಿದ್ದರು. ಊಟದ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಬಂದರೆ ಅರ್ಧ ಖಾಲಿಯಾಗಿರುತ್ತಿತ್ತು. ಒಂದು ದಿನ ಅದು ಮುಟ್ಟದೆ ಹಾಗೇ ಉಳಿದೀತೆಂದು ನನಗೆ ಹೆದರಿಕೆ.

ಅಷ್ಟರಲ್ಲಿ ಸರ್ಕಲ್ಲಿಗೆ ಬಂದದ್ದು ಒಬ್ಬ ರಾಕ್ ಗಾಯಕನ ಕೊನೆಯ ದಿನಗಳ ಸಿನಿಮಾ. ದೊಡ್ಡ ಮನೆ, ಅವನೊಬ್ಬನೇ. ಫೋನು ಹೊಡೆದುಕೊಳ್ಳುತ್ತದೆ, ಎತ್ತುವುದಿಲ್ಲ. ಹಾನೆಸ್ಟ್ಲಿ, ನೋಡುವ ಧೈರ್ಯ ನನಗಿರಲಿಲ್ಲ. ಆಪರೇಟರು ಎಂದಿನಂತೆ ಮೊದಲೇ ಪೂರಾ ನೋಡಿ ಬಂದರು.

"ಅಕ್ಕೋರ, ಇದು ನಿಮ್ಮ ಮನ್ಯಾಗೇ ತೋರಸೋಣು."

"ಹುಚ್ಚು ಹಿಡದದೇನ್ರಿ ನಿಮಗ? ಮ್ಯಾಲ ಅಂವ ಇದ್ದಾನ!"

"ಅದಕ್ಕೇ ಅಂದೆ. ಆ ಪಿಕ್ಚರ್‌ದಾಗ ಮಂದಿ ಬರ್ತಾರ, ಹೋಗ್ತಾರ, ಅವನ ಜೋಡಿ ಯಾರೂ ಜಗಳಾ ಸುದ್ದಾ ಮಾಡಂಗಿಲ್ರಿ."

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಪಡಸಾಲೆಯ ಕಿಟಕಿಗಳಿಗೆ ಕೌದಿ ಕಟ್ಟಿದೆವು. ಸ್ಪೀಕರನ್ನು ಅವರು ಬೇಕೆಂದೇ ಮೆಟ್ಟಿಲ ಬುಡದಲ್ಲಿಟ್ಟರು. ಪರದೆಯ ಮೇಲಿನ ಗಾಯಕ ಕೊನೆಗೂ ಗಿಟಾರು ಎತ್ತಿಕೊಂಡ. ತಡವರಿಸಿದ, ಮತ್ತೆ ಹಿಡಿದ, ಹಾಡು ಏರಿತು, ಇನ್ನೇನು ತುದಿ ಮುಟ್ಟಬೇಕು, ಟಪ್! ಲೈಟು.

"ಇಂಟರ್ವಲ್! ಚಾ ತರ್ರಿ!"

"ಯೂ ಈಡಿಯಟ್!" ಎಂದುಬಿಟ್ಟೆ, ಕಾನ್ವೆಂಟಿನ ಸಿಸ್ಟರುಗಳು ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆಗಲೇ ಮೇಲೆ ಚಿಲಕ ಸರಿದ ಸದ್ದು.

"ಯಾವನಂವ ಹಾಡಿನ ನಡುವ ಕಟ್ ಮಾಡ್ದಂವ? ಅಕಲ್ ಅದ ಏನು?"

ಮೈ ಗಾಡ್, ಮೆಟ್ಟಿಲ ಮೇಲೆ ನನ್ನ ತಮ್ಮ! ಎದೆತನಕ ಗಡ್ಡ, ಮುದುಡಿದ ಪೈಜಾಮ.

ಆಪರೇಟರು ಕದಲಲಿಲ್ಲ. "ಇಂಟರ್ವಲ್ ಇಲ್ಲೇ ಬರ್ತದ್ರಿ ಸಾಹೇಬರ."

"ಯಾರು ಹೇಳಿದ್ರು? ಅಂವ ಇನ್ನಾ ಮುಗಿಸಿಲ್ಲ!"

"ಹಂಗಾದ್ರ ಎಲ್ಲಿ ನಿಲ್ಲಿಸ್ಬೇಕು, ನೀವೇ ಇಳದು ಬಂದು ಹೇಳ್ರಿ. ಇಂಗ್ಲಿಷ್ ಹಾಡು ನಮಗೇನು ತಿಳೀತದ?"

ಚಹಾ ಮುಗಿಯುವವರೆಗೂ ಇಬ್ಬರೂ ಜಗಳಾಡಿದರು. ನಾವು ಮುದುಕಿಯರು ಸದ್ದಾದೀತೆಂದು ಬಿಸ್ಕತ್ತು ಕೂಡ ಕಡಿಯಲಿಲ್ಲ. ಆಮೇಲೆ ತಮ್ಮ ಪ್ರೊಜೆಕ್ಟರಿನ ಪಕ್ಕದಲ್ಲೇ ಕುಳಿತು ಕೊನೆಯವರೆಗೆ ನೋಡಿದ. ಸಿನಿಮಾ ಮುಗಿದರೂ ಆಪರೇಟರು ಬಹಳ ಹೊತ್ತು ಲೈಟು ಹಾಕಲಿಲ್ಲ. ಕತ್ತಲಲ್ಲಿ ಅವನು ಅಳುತ್ತಿದ್ದ.

ಅಂದಿನಿಂದ ತಮ್ಮ ಭಾನುವಾರಕ್ಕೊಮ್ಮೆ ಕೆಳಗಿಳಿಯತೊಡಗಿದ. ಗಡ್ಡ ತೆಗೆದ. ಆದರೆ ಅಂಗಳ ದಾಟಿ ಹೊರಗೆ ಮಾತ್ರ ಕಾಲಿಡಲಿಲ್ಲ. "ಬರ್ತಾರ ತಗೊರಿ, ನಾ ಹೊಲಕ್ಕ ಕರೀತೇನಿ, ಊರ ಜ್ವಾಳದ ರೊಟ್ಟಿ ತಿಂತಾರ," ಎನ್ನುತ್ತಿದ್ದರು ಆಪರೇಟರು. ಅವರ ಊರು ಠಾಣಾ ಕುಶನೂರ.

ಕರೆಯುವ ಮೊದಲೇ ಅವರು ತೀರಿಕೊಂಡರು. ಈ ವರ್ಷ ತೊಗರಿ ರಾಶಿಯ ಕಾಲದಲ್ಲಿ, ಬೆಳಿಗ್ಗೆ, ಊರಿನಿಂದ ಫೋನು ಬಂತು. ಸುದ್ದಿ ಕೇಳಿ ತಮ್ಮ ಮೇಲೆ ಹೋದ. ಬಾಗಿಲು ಹಾಕಿಕೊಂಡ. ಮುಗಿಯಿತು, ಮತ್ತೆ ಅದೇ, ಎಂದು ನಾನು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ.

"ಏಳು ಅಕ್ಕಾ, ಲಗೂ ಚಪ್ಪಲಿ ಹಾಕ್ಕೋ. ಕುಶನೂರ ಬಸ್ ತಪ್ತದ."

ನಾನು ಬೀಗದ ಕೈ ಹುಡುಕುವಷ್ಟರಲ್ಲಿ ಅವನಾಗಲೇ ಬೀದಿಯಲ್ಲಿ ನಿಂತು ಆಟೋಕ್ಕೆ ಕೈ ಮಾಡುತ್ತಿದ್ದ.