ಸಿರುಗುಪ್ಪದ ಕಾಶ್ಮೀರದವರ ಮನೆ

ರೈಲು ಬಂದ ಮೇಲೆ ಬಳ್ಳಾರಿಗೆ ಬಂದವರಲ್ಲಿ ಕಾಶ್ಮೀರದ ಸಾಹೇಬರೂ ಒಬ್ಬರು. ದಂಡಿನ ಅಧಿಕಾರಿಗಳಿಗೆ ಶಾಲು ಮಾರುವ ಅಣ್ಣನ ಜೊತೆ ಬಂದವರು. ವ್ಯಾಪಾರ ಅವರಿಗೆ ಹಿಡಿಸಲಿಲ್ಲ. ಬ್ರೂಸ್‌ಪೇಟೆಯ ಕಲ್ಲಚ್ಚಿನ ಛಾಪಖಾನೆಯೊಂದರಿಂದ ಉರ್ದು ವಾರಪತ್ರಿಕೆ ಹೊರಡಿಸಿದರು, ಶಾಯರಿ ಬರೆದರು, ತಮ್ಮ ನಾಡಿನ ಇತಿಹಾಸ ಬರೆಯತೊಡಗಿದರು. ಕಲ್ಲಚ್ಚಿಗೆ ಕೈಬರಹವೇ ಬೇಕು; ಅವರು ಗೀಚಿದ್ದನ್ನು ಅಚ್ಚಿಗಾಗಿ ಅಂದವಾಗಿ ಬರೆದುಕೊಡುವ ಕೆಲಸ ನನ್ನದು. ಅವರಿಗೆ ಕನ್ನಡ ಬಾರದು. ಹೊರಗೆ ಹೋದರೆ ನಾನೇ ಅವರ ಬಾಯಿ.

ರಾಜರ ಕಥೆಗಿಂತ ನಾಡು ಬಿಟ್ಟು ಹೋದ ನೇಕಾರರ ಕಥೆಯೇ ಅವರಿಗೆ ಮುಖ್ಯ. ಸಿರುಗುಪ್ಪದಲ್ಲಿ ‘ಕಾಶ್ಮೀರದವರ ಮನೆ’ ಇದೆಯೆಂದು ಯಾರೋ ಹೇಳಿದ್ದೇ ತಡ, ಆ ನೇಕಾರರು ಇಲ್ಲಿಯವರೆಗೂ ಬಂದು ನೆಲೆಸಿದರೆಂದು ಒಂದು ಅಧ್ಯಾಯ ಬರೆದೇಬಿಟ್ಟರು, ಪತ್ರಿಕೆಯಲ್ಲೂ ಹಾಕಿದರು. ಆಮೇಲೆ ಆ ಮನೆಯವರನ್ನು ನೋಡಲು ಇಬ್ಬರೂ ಗಾಡಿ ಕಟ್ಟಿಸಿಕೊಂಡು ಹೋದೆವು.

ಕಟ್ಟೆಯ ಮೇಲೆ ಮುದುಕಿಯೊಬ್ಬಳು ಉಣ್ಣೆ ನೂಲುತ್ತಿದ್ದಳು.

“ಅಮ್ಮಾ, ನಿಮ್ಮ ಹಿರ್ಯಾರು ಕಾಶ್ಮೀರದಿಂದ ಬಂದೋರಂತ, ಖರೇ ಏನ್ರಿ?” ಎಂದು ಕೇಳಿದೆ.

“ಇಲ್ಲಪ್ಪ. ನಮ್ಮ ಮಾವ ಕಂಬಳಿ ಮಾರ್ತಿದ್ದ. ಕಾಶ್ಮೀರದ್ದು ಅಂದ್ರ ಜನ ಲಗೂನ ತಗೊಂತಿದ್ರು. ಅದಕ್ಕ ಮನಿಗೆ ಆ ಹೆಸರು ಬಿತ್ತು. ನಾವು ಕುರುಗೋಡಿನವ್ರು.”

ನಾನು ಉರ್ದುವಿನಲ್ಲಿ ಹೇಳಿದೆ. ಸಾಹೇಬರು ಅವಳು ಕೊಟ್ಟ ಮಜ್ಜಿಗೆ ಕುಡಿದು ಎದ್ದರು. ಗಾಡಿಯನ್ನು ಕುರುಗೋಡಿಗೆ ತಿರುಗಿಸಿದೆವು. ಅಲ್ಲಿ ಅವಳ ಮಾವನ ದಾಯಾದಿಗಳು ಮಗ್ಗದ ಮುಂದೆಯೇ ಸಿಕ್ಕರು. “ಏಳು ತಲಿಮಾರಿಂದ ಇಲ್ಲೇ ಅದೀವ್ರಿ” ಎಂದರು.

ಬಳ್ಳಾರಿಗೆ ಮರಳುವ ದಾರಿಯಲ್ಲಿ ನಾನೇ ಬಾಯಿಬಿಟ್ಟೆ: ಅಧ್ಯಾಯ ಚೆನ್ನಾಗಿದೆ, ಇರಲಿ ಬಿಡಿ, ಪರೀಕ್ಷೆ ಮಾಡಲು ಇಲ್ಲಿಗೆ ಯಾರು ಬರುತ್ತಾರೆ?

“ನಾವು ಬಂದೆವಲ್ಲ,” ಎಂದರು ಸಾಹೇಬರು.

ಅಧ್ಯಾಯವನ್ನು ತೆಗೆದುಹಾಕಿದರು. ಮುಂದಿನ ವಾರ ಮೊದಲ ಪುಟದಲ್ಲೇ, ತಾವು ವಿಚಾರಿಸದೆ ಬರೆದದ್ದು ತಪ್ಪು ಎಂದು ನನ್ನಿಂದ ದೊಡ್ಡಕ್ಷರದಲ್ಲಿ ಬರೆಸಿದರು. ಪೇಟೆಯಲ್ಲಿ ಕೆಲವರು ‘ಕಂಬಳಿ ಸಾಹೇಬ’ ಎಂದು ನಕ್ಕರು. ನನಗೆ ಸಿಟ್ಟು ಬಂತು. ಅವರಿಗೆ ಬಂದಂತೆ ಕಾಣಲಿಲ್ಲ.

ಎರಡು ವರ್ಷದ ನಂತರ ಅವರು ಲಾಹೋರಿಗೆ ಹೋದರು. ಅವರ ಇತಿಹಾಸದ ಪುಸ್ತಕ ಅಲ್ಲಿಂದ ನನಗೆ ಟಪಾಲಿನಲ್ಲಿ ಬಂತು. ಅದರಲ್ಲಿ ಬಳ್ಳಾರಿಯ ಹೆಸರು ಎಲ್ಲಿಯೂ ಇರಲಿಲ್ಲ. ಮೊದಲು ಮನಸ್ಸಿಗೆ ಪಿಚ್ಚೆನಿಸಿತು. ಆದರೆ ಬರೆದದ್ದರಲ್ಲಿ ಒಂದು ಸಾಲನ್ನೂ ಅನುಮಾನಿಸದೆ ಕೊನೆಯವರೆಗೆ ಓದಿದೆ. ಹಾಗೆ ಓದಿದ ಪುಸ್ತಕ ನನಗೆ ಬೇರೊಂದು ನೆನಪಿಲ್ಲ.